ಎಪ್ಪತ್ತರ ಗಾಜು

ಗಂಡ ಕಾರಿನ ಗಾಜಿಗೆ ಅಂಟಿಸುವ ಫಿಲ್ಮಿನ ತುಂಡನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ತಲೆ ಹಿಂದಕ್ಕೆ ಮಾಡಿ ಟ್ಯೂಬ್‌ಲೈಟಿಗೆ ಒಡ್ಡಿ ನೋಡಿದಾಗಲೇ ಅವಳಿಗೆ ಗೊತ್ತಾಗಿಹೋಯಿತು, ಇನ್ನು ಈ ಕೆಲಸ ತನ್ನ ಕೈಯಲ್ಲಿಲ್ಲ. ಕಾರು ಅವಳದು. ಓಡಿಸುವವಳೂ ಅವಳೇ. ಅವನಿಗೆ ಸ್ಟೀರಿಂಗ್ ಹಿಡಿಯಲೂ ಬಾರದು. ಆದರೆ ಗಾಜು ಎಂದರೆ ಮುಗಿಯಿತು. ಮೂವತ್ತೈದು ವರ್ಷ ಕನ್ನಡಕದ ಅಂಗಡಿ ನಡೆಸಿದ ಮನುಷ್ಯ, ಲೋಕದಲ್ಲಿರುವ ಗಾಜೆಲ್ಲ ತನ್ನ ತಾತನ ಆಸ್ತಿ ಅಂದುಕೊಂಡಿದ್ದಾನೆ. ಫಿಲ್ಮಿನ ಅಂಗಡಿಯವನು ಮೇಜಿನ ಮೇಲೆ ತುಂಡುಗಳನ್ನು ಬೀಸಣಿಗೆಯ ಹಾಗೆ ಬಿಡಿಸಿಟ್ಟಿದ್ದ. ಒಂದೊಂದರ ಮೂಲೆಯಲ್ಲೂ ಇರುವೆ ಗಾತ್ರದ ಅಂಕಿ. ಆ ಅಂಕಿ ಓದಬೇಕಾದರೆ ಗಂಡ ತನ್ನ ದಪ್ಪ ಕನ್ನಡಕ ತೆಗೆದು ತುಂಡನ್ನು ಮೂಗಿನ ಹತ್ತಿರ ತರಬೇಕು, ಮತ್ತು ಅವನು ಪರರ ಎದುರಿಗೆ ಕನ್ನಡಕ ತೆಗೆಯುವವನಲ್ಲ. ಆಪರೇಷನ್ ಥಿಯೇಟರಿನ ಬಾಗಿಲವರೆಗೂ ನರ್ಸಿನ ಜೊತೆ ಜಗಳವಾಡಿ ಅದನ್ನು ಮುಖದ ಮೇಲೇ ಇಟ್ಟುಕೊಂಡು ಹೋದವನು. "ನಂಬರ್ ಎಲ್ಲ ನೋಡೋದು ಬೇಡ ಸಾರ್, ಕಣ್ಣಿಗೆ ಒಪ್ಪಿದ್ರೆ ಆಯ್ತು," ಎಂದು ಅಂಗಡಿಯವನು ಅಂದದ್ದೇ ತಡ, "ಕಣ್ಣಿನ ವಿಷಯ ನನಗೆ ಹೇಳ್ತೀರಾ?" ಎಂದು ಗಂಡ ನಕ್ಕ. ಅಂಗಡಿಯವನೂ ನಕ್ಕ. ಇಬ್ಬರೂ ಹೀಗೆ ನಕ್ಕು ಒಂದಾದ ಮೇಲೆ ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಕಾಲ ಕೆಳಗೆ ಸೋಪುನೀರು ಹರಿದು ನೆಲ ಜಾರುತ್ತಿತ್ತು. ಚಪ್ಪಲಿಯ ಅಟ್ಟೆ ಒದ್ದೆಯಾಯಿತು.

"ಯಾಕೆ ಬೇಕು ಮೇಡಂ ನಿಮಗೆ? ಬಿಸಿಲಿಗಾ, ಇಲ್ಲಾ ಜನ ನೋಡ್ಬಾರ್ದು ಅಂತಲಾ? ಅದನ್ನ ಹೇಳಿದ್ರೆ ಯಾವುದು ಅಂತ ಹೇಳ್ತೀನಿ," ಎಂದು ಅಂಗಡಿಯವನು ಕೇಳಿದ. ಸರಿಯಾದ ಪ್ರಶ್ನೆ. ಇಷ್ಟು ದಿನ ಯಾರೂ ಕೇಳದಿದ್ದ ಪ್ರಶ್ನೆ. ಅವಳು ಬಾಯಿ ತೆರೆಯುವಷ್ಟರಲ್ಲಿ "ಬಿಸಿಲಿಗೆ, ಬಿಸಿಲಿಗೆ," ಎಂದು ಗಂಡ ಎರಡು ಸಲ ಹೇಳಿಬಿಟ್ಟ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಅವಳ ಬಾಯಿ ತೆರೆಯುವುದಕ್ಕೂ ಅವನ ಉತ್ತರ ಹೊರಡುವುದಕ್ಕೂ ನಡುವೆ ಇದ್ದ ಅಂತರ ಯಾವತ್ತೂ ಅಷ್ಟೇ, ಒಂದು ಉಸಿರು. ಮಾತು ಬೆಳ್ಳಿ ಮೌನ ಬಂಗಾರ ಅನ್ನುತ್ತಾರೆ. ಹಾಗಿದ್ದರೆ ಇಷ್ಟು ಹೊತ್ತಿಗೆ ಅವಳ ಹತ್ತಿರ ಒಂದು ಒಡವೆ ಅಂಗಡಿಗಾಗುವಷ್ಟು ಬಂಗಾರ ಇರಬೇಕಿತ್ತು. ಮನೆಯಲ್ಲಿ ಹೀಗೆ, ಕೆಲಸದಲ್ಲಿ ಇನ್ನೂ ಹೀಗೆ. ಕೋರ್ಟಿನಲ್ಲಿ ಸ್ಟೆನೋ. ಸಾಕ್ಷಿ ಹೇಳುತ್ತಾನೆ, ವಕೀಲರು ಕೂಗುತ್ತಾರೆ, ನ್ಯಾಯಾಧೀಶರು ಅದನ್ನು ಜಾಲಿಸಿ ಒಂದು ವಾಕ್ಯ ಮಾಡಿ ಹೇಳುತ್ತಾರೆ, ಅವಳು ಬರೆದುಕೊಳ್ಳುತ್ತಾಳೆ. ಸೇರಿದ ಮೊದಲ ದಿನ ಹಳೆಯ ಸ್ಟೆನೋ ಒಬ್ಬರು ಪೆನ್ಸಿಲ್ ಚೂಪು ಮಾಡಿಕೊಡುತ್ತ ಹೇಳಿದ್ದರು, "ಹೇಳಿದ್ದನ್ನ ಬರ್ಕೋ ಮಗಳೇ. ಅರ್ಥ ಕೇಳ್ಬೇಡ. ಕೇಳೋಕೆ ಅಂತಲೇ ವಕೀಲರಿದ್ದಾರೆ." ಅವಳು ಕೇಳಲಿಲ್ಲ. ಇಪ್ಪತ್ತೊಂಬತ್ತು ವರ್ಷ ಕೇಳಲಿಲ್ಲ. ಎಷ್ಟೋ ಕೊಲೆ, ಎಷ್ಟೋ ವಿಚ್ಛೇದನ, ಗಡಿಕಲ್ಲಿನ ಜಗಳ, ಕಾರಿನ ಗಾಜು ಕಪ್ಪು ಮಾಡಿಸಿಕೊಂಡು ಸಿಕ್ಕಿಬಿದ್ದವರ ಗೋಳು, ಎಲ್ಲ ಅವಳ ಬೆರಳ ತುದಿಯಿಂದ ಇಳಿದುಹೋಗಿತ್ತು. ಗಾಜಿನ ಮೂಲಕ ಹಾಯುವ ಬೆಳಕು ನೂರಕ್ಕೆ ಐವತ್ತಕ್ಕಿಂತ ಕಡಿಮೆ ಇದ್ದರೆ ದಂಡ. ಅದನ್ನು ಅವಳು ನಿದ್ದೆಯಲ್ಲೂ ಬರೆಯಬಲ್ಲಳು. ಆದರೂ ಇವತ್ತು ಬೆಳಿಗ್ಗೆ ಮುಖ ತೊಳೆಯುತ್ತ ತೀರ್ಮಾನ ಮಾಡಿಕೊಂಡು ಬಂದಿದ್ದು ಇಪ್ಪತ್ತರ ಫಿಲ್ಮು. ಐದರಲ್ಲಿ ನಾಲ್ಕು ಪಾಲು ಬೆಳಕನ್ನು ನುಂಗಿಬಿಡುವ ಫಿಲ್ಮು. ದಂಡ ಹಾಕಲಿ. ಸಮನ್ಸ್ ನಾನೇ ಟೈಪ್ ಮಾಡಿಕೊಳ್ಳುತ್ತೇನೆ.

ಅವಳಿಗೆ ಬೇಕಾಗಿದ್ದುದು ಇಪ್ಪತ್ತೈದು ನಿಮಿಷ. ಸಂಜೆ ಕೋರ್ಟಿನ ಗೇಟಿನಿಂದ ಮನೆಯ ಗೇಟಿನವರೆಗೆ, ನಡುವೆ ನಾಲ್ಕು ಸಿಗ್ನಲ್ಲು. ಕಾರು ಕೊಂಡ ಮೊದಲ ವರ್ಷ ಅವಳು ಸುಮ್ಮನೆ ಓಡಿಸಿದಳು. ಆಮೇಲೆ ಒಂದು ದಿನ ನ್ಯಾಯಾಧೀಶರು ತಾವೇ ತಪ್ಪು ತಾರೀಖು ಹೇಳಿ, ವಕೀಲರು ಎದ್ದು ನಿಂತಾಗ ಅವಳ ಕಡೆ ತಿರುಗಿ, "ಕಿವಿ ಎಲ್ಲಿಟ್ಟಿದ್ರಿ?" ಎಂದರು. ತುಂಬಿದ ಕೋರ್ಟು ನಕ್ಕಿತು. ಎರಡನೇ ಸಿಗ್ನಲ್ಲಿನಲ್ಲಿ, ಕೆಂಪು ದೀಪ ನೋಡುತ್ತ, "ಕಿವಿ ಇದ್ದ ಜಾಗದಲ್ಲೇ ಇತ್ತು. ಜಾರಿದ್ದು ನಿಮ್ಮ ನಾಲಿಗೆ," ಎಂದು ಯಾರೋ ಹೇಳಿದ್ದು ಕೇಳಿಸಿ ಬೆಚ್ಚಿದಳು. ಹೇಳಿದವಳು ತಾನೇ. ಧ್ವನಿ ಅವಳು ಅಂದುಕೊಂಡದ್ದಕ್ಕಿಂತ ದಪ್ಪಗಿತ್ತು, ಚೆನ್ನಾಗಿತ್ತು. ಅಲ್ಲಿಂದ ಶುರು. ಕಟ್ಟೆ ಒಡೆದ ಕೆರೆ. ಮೊದಲ ಸಿಗ್ನಲ್ಲಿಗೆ ಕೋರ್ಟಿನವರು, ಎರಡನೆಯದಕ್ಕೆ ಓರಗಿತ್ತಿ, ಮೂರು ನಾಲ್ಕು ಪೂರಾ ಗಂಡ. ಗಂಡನಿಗೆ ಹೇಳಬೇಕಾದದ್ದು ಬಹಳವಿತ್ತು, ಅದರಲ್ಲೂ ಆ ಒಂದು ಜೋಕಿಗೆ. ಅವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ ಯಾರ ಮನೆಯ ಊಟದಲ್ಲೋ ಅವನು ಹೇಳಿದ್ದ, "ನಮ್ಮನೇಲಿ ಮಾತಾಡೋದು ನಾನು, ಬರ್ಕೊಳ್ಳೋದು ಇವಳು." ನೆಂಟರೆಲ್ಲ ಬಿದ್ದು ಬಿದ್ದು ನಕ್ಕರು. ಅವಳೂ ನಕ್ಕಿದ್ದಳು, ಇಪ್ಪತ್ತೈದು ವರ್ಷದ ಹುಡುಗಿ, ಹೊಸ ಸೀರೆ. ಆ ನಗು ಅವನಿಗೆ ರಸೀದಿಯ ಹಾಗೆ ಆಯಿತೋ ಏನೋ, ಅಂದಿನಿಂದ ಪ್ರತಿ ಮದುವೆಯಲ್ಲಿ, ಪ್ರತಿ ಊಟದ ಮೇಜಿನಲ್ಲಿ, ಅಂಗಡಿಗೆ ಬಂದ ಗಿರಾಕಿಯ ಕಣ್ಣು ಪರೀಕ್ಷೆ ಮಾಡುವಾಗ ಸಹ ಅದೇ ಜೋಕು. ಹೇಳುವ ಮೊದಲು ಅವನ ಹುಬ್ಬು ಸ್ವಲ್ಪ ಮೇಲೇರುತ್ತದೆ. ಹುಬ್ಬು ಏರಿದ್ದು ಕಂಡರೆ ಸಾಕು, ಜೋಕು ಬಂತು ಎಂದು ಅವಳಿಗೆ ಗೊತ್ತಾಗುತ್ತದೆ. ಆ ಜೋಕಿಗೆ ಅವಳು ಕಾರಿನಲ್ಲಿ ನೂರಾರು ಉತ್ತರ ಕೊಟ್ಟಿದ್ದಾಳೆ. ಕೆಲವು ಬಹಳ ಒಳ್ಳೆಯವು. ಕೇಳಲು ಯಾರೂ ಇರಲಿಲ್ಲ ಅನ್ನುವುದೊಂದೇ ಕೊರತೆ.

"ಮೇಡಂ, ಒಳಗೆ ಕೂತ್ಕೊಳ್ಳಿ. ಸಾರ್ ಹೊರಗೆ ನಿಂತು ನೋಡ್ಲಿ," ಎಂದ ಅಂಗಡಿಯವನು. ಅಲ್ಲಿನ ಪದ್ಧತಿಯೇ ಹಾಗಂತೆ. ಅಂಗಡಿಯ ಮುಂದೆ ಬಿಸಿಲಿನಲ್ಲಿ ಒಂದು ಹಳೆಯ ಕಾರು ನಿಲ್ಲಿಸಿದ್ದಾನೆ, ಅದರ ಮುಂದಿನ ಬಾಗಿಲಿಗೆ ಕಪ್ಪು ಫಿಲ್ಮು ಅಂಟಿಸಿದೆ. ಗಿರಾಕಿಗಳಲ್ಲಿ ಒಬ್ಬರು ಒಳಗೆ, ಒಬ್ಬರು ಹೊರಗೆ, ಆಮೇಲೆ ಅದಲು ಬದಲು. ಅವಳು ಒಳಗೆ ಕೂತಳು. ಸೀಟಿನ ಸ್ಪಂಜು ಕಿತ್ತುಬಂದಿತ್ತು. ಬಾಗಿಲು ಮುಚ್ಚಿದ ಕೂಡಲೇ ಹೊರಗಿನ ಗದ್ದಲ ತಗ್ಗಿತು, ಬಿಸಿಲು ಸಂಜೆಯ ಬಣ್ಣಕ್ಕೆ ತಿರುಗಿತು. ಅಯ್ಯೋ, ಎಷ್ಟು ಚೆನ್ನಾಗಿದೆ ಅನ್ನಿಸಿತು ಅವಳಿಗೆ. ಇಲ್ಲಿ ಕೂತು ಏನು ಬೇಕಾದರೂ ಹೇಳಬಹುದು. ಅಷ್ಟರಲ್ಲಿ ಗಾಜಿನ ಆಚೆ ಗಂಡನ ಮುಖ ಬಂದು ಅಂಟಿಕೊಂಡಿತು. ಎರಡೂ ಕೈಗಳನ್ನು ಕಣ್ಣಿನ ಪಕ್ಕ ಮರೆಮಾಡಿಕೊಂಡು, ಕನ್ನಡಕ ಗಾಜಿಗೆ ತಗಲುವಷ್ಟು ಹತ್ತಿರ ಬಂದು ಇಣುಕುತ್ತಿದ್ದಾನೆ. ಪಕ್ಕದಲ್ಲಿ ಅಂಗಡಿಯವನು ಸ್ಪ್ರೇ ಬಾಟಲಿ ಹಿಡಿದು ನಿಂತಿದ್ದಾನೆ. ಗಂಡ ಜೋರಾಗಿ ಕೂಗಿದ, "ಏನಾದ್ರೂ ಮಾತಾಡು ಒಳಗೆ! ಕಾಣುತ್ತಾ ನೋಡ್ತೀನಿ!"

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಅಂದರೆ ಬಿಸಿಲಿಗಲ್ಲ ಎಂದು ಅವನಿಗೆ ಗೊತ್ತಿದೆ. ಗೊತ್ತಿದ್ದೂ "ಬಿಸಿಲಿಗೆ, ಬಿಸಿಲಿಗೆ" ಎಂದ, ಈಗ ಬೀದಿಯಲ್ಲಿ ನಿಂತು ಡಂಗುರ ಹೊಡೆಯುತ್ತಿದ್ದಾನೆ. ಮೂರು ವಾರದ ಹಿಂದೆ ಊಟಕ್ಕೆ ಕೂತಾಗ ತಟ್ಟೆಯಿಂದ ತಲೆ ಎತ್ತದೆ ಅವನು ಹೇಳಿದ್ದ, "ಎದುರುಮನೆ ಹಲ್ಲಿನ ಡಾಕ್ಟ್ರು ಸಿಕ್ಕಿದ್ರು. ನನ್ನ ಆಪರೇಷನ್ ದಿನ ನೀನು ಸಿಗ್ನಲ್‌ನಲ್ಲಿ ಒಬ್ಬಳೇ ಮಾತಾಡ್ಕೊಂಡು ನಗ್ತಿದ್ದೆಯಂತೆ. ಪಕ್ಕದ ಗಾಡೀಲಿ ಅವರಿದ್ರಂತೆ." "ಹಾಡು ಹೇಳ್ಕೊಳ್ತಿದ್ದೆ," ಎಂದಳು ಅವಳು. "ಹಾಡು? ನೀನಾ?" ಎಂದು ಅವನು ಅಗಿಯುವುದನ್ನು ನಿಲ್ಲಿಸಿದ. "ಹಾಡೋರ ಬಾಯಿ ಹಾಗಿರಲ್ವಂತೆ. ಪಾಪ, ಗಾಬರೀಲಿ ಹಾಗಾಗಿರ್ಬೇಕು ಅಂದ್ರು ಡಾಕ್ಟ್ರು." ಜನರ ಬಾಯಿಗೆ ಇಣುಕುವುದೇ ಕಸುಬಾದವನಿಗೆ ಸಿಗ್ನಲ್ಲಿನಲ್ಲೂ ಬಿಡುವಿಲ್ಲ. ಮಾರನೆಯ ದಿನ ಮಗಳು ಫೋನು ಮಾಡಿ, ತಂದೆ ಉಪ್ಪುಖಾರ ಹಚ್ಚಿ ಹೇಳಿದ್ದನ್ನು ಕೇಳಿದವಳ ಮೆತ್ತಗಿನ ದನಿಯಲ್ಲಿ, "ಅಮ್ಮಾ, ಯಾರ ಹತ್ರಾನಾದ್ರೂ ಮಾತಾಡಮ್ಮ," ಎಂದಳು. ಯಾರ ಹತ್ತಿರಾನಾದರೂ. ಅದನ್ನೇ ಅಲ್ಲವೇ ತಾನು ಮಾಡುತ್ತಿದ್ದುದು.

ಆ ದಿನ ಅವಳು ನಕ್ಕಿದ್ದು ನಿಜ. ಪಿತ್ತಕೋಶದ ಕಲ್ಲು ತೆಗೆಯುವ ಆಪರೇಷನ್ನು, ಅದಕ್ಕೆ ಯಾರೂ ಸಾಯುವುದಿಲ್ಲ. ಆದರೂ ಅವನನ್ನು ಒಳಗೆ ತಳ್ಳಿಕೊಂಡು ಹೋದ ಮೇಲೆ, ಬಿಸಿನೀರಿನ ಫ್ಲಾಸ್ಕು ಮನೆಯಲ್ಲೇ ಉಳಿದದ್ದು ನೆನಪಾಗಿ ಕಾರು ಹತ್ತಿದವಳ ಬಾಯಿಂದ ಕೋರ್ಟಿನ ದಾರಿಯ ಅದೇ ಮೂರನೇ ಸಿಗ್ನಲ್ಲಿನಲ್ಲಿ ಮಾತು ತಾನಾಗಿ ಬಂತು, "ಇವರು ಹೋಗ್ಬಿಟ್ರೆ ಮನೆ ಎಷ್ಟು ಸದ್ದಿಲ್ದೆ ಇರುತ್ತೆ." ಮತ್ತು ನಗು ಬಂತು. ಸಣ್ಣ ನಗುವಲ್ಲ, ಭುಜ ಕುಣಿಯುವಂಥದು. ಆ ಹೆಂಗಸು ಯಾರು ಎಂದು ಅವಳಿಗೇ ಹೆದರಿಕೆಯಾಯಿತು. ಸಿಗ್ನಲ್ಲು ಬಿಟ್ಟ ಮೇಲೆ ಮನೆಯ ಕಡೆ ಹೋಗದೆ ಕಾರು ತಿರುಗಿಸಿ, ಆಸ್ಪತ್ರೆಗೆ ವಾಪಸು ಬಂದು, ಥಿಯೇಟರಿನ ಬಾಗಿಲ ಎದುರಿನ ಬೆಂಚಿನಲ್ಲಿ ಎರಡು ಗಂಟೆ ಅಲ್ಲಾಡದೆ ಕೂತಿದ್ದಳು. ಎಚ್ಚರಾದ ಮೇಲೆ ಅವನು ಕೇಳಿದ ಮೊದಲ ಮಾತು, "ಫ್ಲಾಸ್ಕ್ ಎಲ್ಲಿ?" ಎರಡನೆಯದು, "ಮರೆತ್ಯಾ?" ಆಮೇಲೆ ಅದೂ ಒಂದು ಜೋಕಾಯಿತು. ಫ್ಲಾಸ್ಕ್ ತರಲು ಹೋಗಿ ಬರಿಗೈಲಿ ಬಂದವಳು. ನೋಡಲು ಬಂದವರಿಗೆಲ್ಲ ಹೇಳಿದ.

ಹಲ್ಲಿನ ಡಾಕ್ಟರ ಸುದ್ದಿ ಬಂದ ಮೇಲೆ ಅವಳು ಕಾರಿನಲ್ಲಿ ತುಟಿ ಹೊಲಿದುಕೊಂಡಳು. ಪಕ್ಕದಲ್ಲಿ ಯಾವ ಗಾಡಿ ಬಂದು ನಿಂತರೂ ಅದರಲ್ಲಿ ಎದುರುಮನೆಯವನಿದ್ದಾನೆ. ಮೂರು ವಾರ. ಮಾತು ಹೊರಗೆ ಹೋಗದೆ ಎಲ್ಲಿಗೆ ಹೋಗುತ್ತದೆ? ಹೋದ ಬುಧವಾರ ಗೊತ್ತಾಯಿತು. ಒಬ್ಬ ಸಾಕ್ಷಿಯ ಹೇಳಿಕೆ ಟೈಪ್ ಮಾಡುತ್ತಿದ್ದಾಗ ಅವಳ ನೋಟ್‌ಬುಕ್ಕಿನಲ್ಲಿ, ಅವಳದೇ ಶೀಘ್ರಲಿಪಿಯಲ್ಲಿ, ಯಾರೂ ಆಡದ ಒಂದು ವಾಕ್ಯ ಸಿಕ್ಕಿತು. "ಸಾಕು, ನಿಲ್ಲಿಸಿ, ನನಗೂ ಹೇಳೋದಿದೆ." ಸಾಕ್ಷಿ ಹೇಳಿರಲಿಲ್ಲ. ವಕೀಲರು ಹೇಳಿರಲಿಲ್ಲ. ಅರ್ಧ ಟೈಪೂ ಆಗಿಹೋಗಿತ್ತು. ಅಳಿಸಿ, ಇಡೀ ಪುಟವನ್ನು ಮತ್ತೆ ಮೊದಲಿನಿಂದ ಓದಿದಳು. ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದು ಅಕ್ಷರ ತನ್ನ ಕಡೆಯಿಂದ ಸೇರಿಸಿದವಳಲ್ಲ; ಇಂಥದೊಂದು ವಾಕ್ಯ ಸಹಿಯಾಗಿ ದಾಖಲೆಗೆ ಹೋದರೆ ಕೆಲಸ ಹೋಗುತ್ತದೆ, ಹೆಸರೂ ಹೋಗುತ್ತದೆ. ಆ ಸಂಜೆಯೇ ಗಂಡನಿಗೆ, "ಬಿಸಿಲಿಗೆ ಕಣ್ಣು ನೋಯುತ್ತೆ, ಕಾರಿನ ಗಾಜಿಗೆ ಫಿಲ್ಮ್ ಹಾಕಿಸ್ತೀನಿ," ಎಂದಳು. ಅವನು ಏನು ಮಾಡಿದ? ಅವಳನ್ನು ತನ್ನ ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋಗಿ, ಕುರ್ಚಿಯಲ್ಲಿ ಕೂರಿಸಿ, ಗಲ್ಲ ಮೇಲೆ ಮಾಡಿಸಿ, ಅಕ್ಷರ ಓದಿಸಿ ಕಣ್ಣು ಪರೀಕ್ಷೆ ಮಾಡಿದ. "ಕಣ್ಣಿಗೇನೂ ಆಗಿಲ್ಲ. ಹದ್ದಿನ ಕಣ್ಣು," ಎಂದ. ಎರಡು ದಿನ ಏನೋ ಯೋಚಿಸುತ್ತ ಓಡಾಡಿದ. ಇವತ್ತು ಬೆಳಿಗ್ಗೆ ತಾನಾಗಿಯೇ, "ನಡಿ, ಫಿಲ್ಮ್ ಹಾಕಿಸೋಣ. ನಾನೂ ಬರ್ತೀನಿ. ನಿನಗೆ ಗಾಜು ಗೊತ್ತಾಗಲ್ಲ," ಎಂದು ಹೊರಟು ನಿಂತ.

"ಮಾತಾಡಿದ್ಯಾ?" ಎಂದು ಹೊರಗಿನಿಂದ ಅವನು ಮತ್ತೆ ಕೂಗಿದ. ಅವಳು ತುಟಿ ಬಿಗಿಹಿಡಿದು ಕೂತಿದ್ದಳು. ಹೇಳಬೇಕಾದ ಸಾವಿರ ಮಾತಿರುವಾಗ, ಏನಾದರೂ ಹೇಳು ಎಂದರೆ ಏನು ಹೇಳುವುದು. "ಹೂಂ," ಎಂದು ಬಾಗಿಲು ತೆಗೆದು ಸುಳ್ಳು ಹೇಳಿದಳು. "ಏನೂ ಕಾಣಲಿಲ್ಲ!" ಎಂದ ಅವನು, ಮುಖ ಅರಳಿಸಿಕೊಂಡು. ಆಮೇಲೆ ಅಂಗಡಿಯವನ ಹೆಗಲ ಮೇಲೆ ಕೈ ಹಾಕಿ ಸ್ವಲ್ಪ ದೂರ ಕರೆದುಕೊಂಡು ಹೋದ. ಪಿಸುಮಾತು ಎಂದು ಅವನು ಭಾವಿಸಿದ್ದು ರಸ್ತೆಯ ಆಚೆಗೂ ಕೇಳಿಸುತ್ತಿತ್ತು. "ಇದಕ್ಕಿಂತ ಜಾಸ್ತೀದು ಇದೆಯೇನ್ರೀ?" "ಜಾಸ್ತೀದು ಅಂದ್ರೆ ಎಪ್ಪತ್ತರದ್ದಿದೆ ಸಾರ್. ಅದು ನಮ್ಮಲ್ಲಿ ಎಲ್ಲಕ್ಕಿಂತ ದುಬಾರಿ ಮಾಲು." "ಅದನ್ನೇ ಹಾಕಿ. ನಾಲ್ಕೂ ಬಾಗಿಲಿಗೆ." "ಎಪ್ಪತ್ತೇನಾ ಸಾರ್?" "ಎಪ್ಪತ್ತೇ. ಗಾಜಿನ ವಿಷಯ ನನಗೆ ಗೊತ್ತಿಲ್ವೇನ್ರೀ." ದುಬಾರಿ ಮಾಲು ಕೇಳಿದ ಗಿರಾಕಿಗೆ ಬೇಡ ಅನ್ನಲು ಅಂಗಡಿಯವನಿಗೇನು ಹುಚ್ಚೇ.

ಅವಳು ಕೇಳಿಸಿಕೊಂಡಳು. ಎಪ್ಪತ್ತು. ನೂರರಲ್ಲಿ ಎಪ್ಪತ್ತು ಪಾಲು ಬೆಳಕು ಬಿಡುವ ಗಾಜು. ಫಿಲ್ಮು ಹಾಕಿದ್ದೂ ಗೊತ್ತಾಗದ, ನೀರಿನ ಹಾಗೆ ತಿಳಿಯಾದ ಗಾಜು. ಅಂದರೆ ಹೀಗೆ. ಮೊದಲು ಕಪ್ಪು ಗಾಜಿನ ಹಿಂದೆ ಕೂರಿಸಿ ಪರೀಕ್ಷೆ ಮಾಡಿದ, ಏನೂ ಕಾಣುವುದಿಲ್ಲ ಎಂದು ಖಾತ್ರಿ ಮಾಡಿಕೊಂಡ, ಆಮೇಲೆ ಎಲ್ಲ ಕಾಣುವಂಥದ್ದನ್ನು ಆರಿಸಿದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹೆಂಡತಿ ಕೇಳಿದಳು, ಫಿಲ್ಮು ಹಾಕಿಸಿಕೊಟ್ಟೆ. ಇನ್ನು ಅವಳು ಯಾವ ಸಿಗ್ನಲ್ಲಿನಲ್ಲಿ ಬಾಯಿ ಬಿಟ್ಟರೂ ಎದುರುಮನೆಯವನು ನೋಡಿಕೊಳ್ಳುತ್ತಾನೆ. ಈಗ ಒಂದು ಮಾತು ಸಾಕಿತ್ತು. "ರೀ, ಎಪ್ಪತ್ತಲ್ಲ, ಇಪ್ಪತ್ತು." ಅಷ್ಟೇ. ಗಂಟಲವರೆಗೂ ಬಂತು. ಆಗಲೇ ಅವಳೊಳಗಿನ ಸ್ಟೆನೋ ನೆಟ್ಟಗೆ ಕೂತುಬಿಟ್ಟಳು. ಹೇಳಿದ್ದನ್ನು ಬರೆದುಕೋ, ಅರ್ಥ ಕೇಳಬೇಡ. ಕೇಳಬಾರದು ಅನ್ನುವುದಕ್ಕಿಂತ, ಕೇಳಲು ಅವಳಿಗೆ ಇಷ್ಟವಿರಲಿಲ್ಲ. ಅವನು ಇಷ್ಟು ಕೆಟ್ಟವನು ಎಂದು ಇಷ್ಟು ಸ್ಪಷ್ಟವಾಗಿ ಯಾವತ್ತೂ ಸಿಕ್ಕಿಬಿದ್ದಿರಲಿಲ್ಲ. ಹಾಕಿಸಲಿ, ಕೊನೆಯ ಅಂಚಿನವರೆಗೂ ಅಂಟಿಸಲಿ ಎಂದುಕೊಂಡಳು.

ಎರಡು ಗಂಟೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾದರು. ಒಳಗೆ ಇಬ್ಬರು ಕೆಲಸಗಾರರು ಅವಳ ಕಾರಿನ ಗಾಜಿಗೆ ಸೋಪುನೀರು ಹೊಡೆದು, ಫಿಲ್ಮು ಹೊದಿಸಿ, ರಬ್ಬರ್ ಪಟ್ಟಿಯಿಂದ ನೀರನ್ನು ಅಂಚಿಗೆ ಎಳೆಯುತ್ತಿದ್ದರು. ಪ್ರತಿ ಎಳೆತಕ್ಕೂ ಕೀಚ್ ಎಂಬ ಸದ್ದು. ಗಂಡ ಮೆಷಿನ್ನಿನಿಂದ ಎರಡು ಲೋಟ ಕಾಫಿ ತಂದು ಒಂದನ್ನು ಅವಳ ಕೈಗಿಟ್ಟ, ಸಕ್ಕರೆ ಹಾಕಿಸಿದ್ದ. ಅವಳು ಸಕ್ಕರೆ ಬಿಟ್ಟು ಆರು ವರ್ಷವಾಗಿದೆ. ಕುಡಿದಳು. ಅವಳ ಬಲಗೈ ಬೆರಳು ಸೀರೆಯ ನೆರಿಗೆಯ ಮೇಲೆ ಶೀಘ್ರಲಿಪಿಯ ಗೆರೆಗಳನ್ನು ಎಳೆಯತೊಡಗಿತು. ಆರೋಪಪಟ್ಟಿ. ಒಂದನೆಯದು, ಎರಡನೆಯದು. ಮಗಳ ಹೆರಿಗೆಯ ದಿನ, ತಾಯಿ ಸತ್ತ ದಿನ, ಬಡ್ತಿ ಬಂದ ದಿನ, ಎಲ್ಲ ದಿನವೂ ಅವನೇ ಮಾತಾಡಿದ್ದ, ಅವಳ ಬದಲಿಗೆ ಅತ್ತಿದ್ದೂ ಅವನೇ. ಪಕ್ಕದಲ್ಲಿ ಅಂಗಡಿಯವನು ಬಂದು ಕೂತು, "ಮೇಡಂ ಏನು ಮಾಡ್ತಾರೆ ಸಾರ್?" ಎಂದು ಕೇಳಿದ. ಗಂಡನ ಹುಬ್ಬು ಮೇಲೇರಿತು. ಬೇಡ, ಎಂದು ಅವಳು ಮನಸ್ಸಿನಲ್ಲೇ ಹೇಳಿದಳು, ಇವತ್ತೊಂದು ದಿನ ಬೇಡ. "ಕೋರ್ಟಲ್ಲಿ ಸ್ಟೆನೋ. ನಮ್ಮನೇಲಿ ಮಾತಾಡೋದು ನಾನು, ಬರ್ಕೊಳ್ಳೋದು ಇವಳು." ಅಂಗಡಿಯವನು ತೊಡೆ ತಟ್ಟಿಕೊಂಡು ನಕ್ಕ. ಅವಳು ಕಾಫಿಯ ಲೋಟವನ್ನು ಕುರ್ಚಿಯ ಕೆಳಗಿಟ್ಟು ಕಾರನ್ನೇ ನೋಡುತ್ತ ಕೂತಳು. ಆರೋಪಪಟ್ಟಿ ಪೂರ್ತಿಯಾಯಿತು.

ಕಾರನ್ನು ಬಿಸಿಲಿಗೆ ತಂದು ನಿಲ್ಲಿಸಿದರು. ಗಂಡ ಅದರ ಸುತ್ತ ಒಂದು ಸುತ್ತು ಬಂದ. ಬಗ್ಗಿ ನೋಡಿದ. ಒಳಗಿನ ಸೀಟು, ಸೀಟಿನ ಮೇಲೆ ಅವಳ ಕೊಡೆ, ಅವಳು ಬೆಳಿಗ್ಗೆ ಬಿಟ್ಟ ಕರವಸ್ತ್ರದ ಅಂಚಿನ ಕಸೂತಿ ಸಹ ಕಾಣುತ್ತಿತ್ತು. ಬೆರಳ ಗಿಣ್ಣಿನಿಂದ ಗಾಜಿಗೆ ಬಡಿದು, "ಎಲ್ಲಿ? ಎಲ್ರೀ ಫಿಲ್ಮು?" ಎಂದ. "ಹಾಕಿದೀವಲ್ಲ ಸಾರ್. ಎಪ್ಪತ್ತು." "ಎಪ್ಪತ್ತು ಅಂದ್ರೆ ಕಪ್ಪಿರ್ಬೇಕಲ್ರೀ! ನೂರಕ್ಕೆ ಎಪ್ಪತ್ತು ಪಾಲು ಕಪ್ಪು!" ಅಂಗಡಿಯವನು ಅವನನ್ನೂ ಗಾಜನ್ನೂ ನೋಡಿದ. "ಇಲ್ಲ ಸಾರ್, ಎಪ್ಪತ್ತು ಅಂದ್ರೆ ಅಷ್ಟು ಬೆಳಕು ಬಿಡುತ್ತೆ ಅಂತ. ನಂಬರ್ ಇಳಿದಷ್ಟೂ ಕಪ್ಪು." "ಯಾವ ಊರಿನ ಲೆಕ್ಕ ಇದು? ನಮ್ಮ ಕೂಲಿಂಗ್ ಗ್ಲಾಸಲ್ಲಿ ಎಂಬತ್ತೈದು ಅಂದ್ರೆ ಸೂರ್ಯನೇ ಕಾಣಲ್ಲ. ಮೂವತ್ತೈದು ವರ್ಷದಿಂದ ಕಣ್ಣಿಗೆ ಹಾಕ್ತಿದೀನಿ ನಾನು!" "ಅದು ಕಣ್ಣಿಂದು ಸಾರ್. ಇದು ಕಾರಿಂದು." ಗಂಡ ಮತ್ತೊಂದು ಸಲ ಗಾಜಿಗೆ ಬಡಿದ. ಕುತ್ತಿಗೆ ಕೆಂಪಾಗಿತ್ತು. ಆಮೇಲೆ, ಜಗಳದ ದನಿ ಇಳಿದು, ಅವಳು ಎಂದೂ ಕೇಳದ ಒಂದು ಬೇಡುವ ದನಿಯಲ್ಲಿ ಹೇಳಿದ, "ಅವಳನ್ನ ಯಾರೂ ನೋಡ್ಬಾರ್ದು ಅಂತ ಅಲ್ವೇನ್ರೀ ನಾನು ಜಾಸ್ತೀದು ಕೇಳಿದ್ದು. ಅವಳಿಗೊಂದಿಷ್ಟು... ಆ ಡಾಕ್ಟ್ರು ಮಾತು ಕೇಳಿ ನಾನು ಹೇಳಬಾರದಿತ್ತು ಅವಳಿಗೆ. ಅವತ್ತಿಂದ ಮನೇಲೂ ಮುಖ ನೋಡೋ ಹಾಗಿಲ್ಲ."

ಎರಡು ಗಂಟೆ ಕೂತು ಕಟ್ಟಿದ್ದು ಒಂದು ಕ್ಷಣದಲ್ಲಿ ಕುಸಿಯಿತು, ಮತ್ತು ಅವಳಿಗೆ ಅದರಿಂದ ಸಮಾಧಾನವಾಗಲಿಲ್ಲ, ಸಿಟ್ಟು ಬಂತು. ಒಂದು ಸಲ, ಒಂದೇ ಒಂದು ಸಲ ಪೂರಾ ಕೆಟ್ಟವನಾಗಿರಲು ಈ ಮನುಷ್ಯನಿಗೆ ಏನು ಕಷ್ಟ? ಸಿಟ್ಟಿನ ಹಿಂದೆಯೇ ನಾಚಿಕೆ ಬಂತು. ನ್ಯಾಯಾಧೀಶರು ತಪ್ಪು ತಾರೀಖು ಹೇಳಿದ ದಿನವೂ ಅವಳಿಗೆ ಬರೆಯುವಾಗಲೇ ಗೊತ್ತಾಗಿತ್ತು. ಗೊತ್ತಿದ್ದೂ ಬರೆದುಕೊಂಡಿದ್ದಳು. ಅವರು ತಪ್ಪಿ ಸಿಕ್ಕಿಬೀಳಲಿ ಎಂದು ಬರೆದುಕೊಂಡಿದ್ದಳು. ಅದನ್ನು ಇಷ್ಟು ವರ್ಷದಲ್ಲಿ ಕಾರಿನಲ್ಲಿ ಸಹ ಹೇಳಿಕೊಂಡಿರಲಿಲ್ಲ. ಗಂಡ ಅವಳ ಕಡೆ ತಿರುಗಿದ. "ನಿಮ್ಮ ಕೋರ್ಟಲ್ಲಿ ಬರುತ್ತಲ್ಲ ಇಂಥ ಕೇಸು. ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನಾನು ಎಪ್ಪತ್ತು ಅಂದಿದ್ದು ಕೇಳಿಸ್ತಾ?"

"ಕೇಳಿಸ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀವು ಹೇಳಿದ್ರಿ, ನಾನು ಬರ್ಕೊಂಡೆ," ಎಂದಳು. ಅಂಗಡಿಯವನು ಜೋಕೆಂದು ನಗಲು ಹೊರಟು, ಇಬ್ಬರ ಮುಖ ನೋಡಿ, ರಬ್ಬರ್ ಪಟ್ಟಿ ಒರೆಸುತ್ತ ಒಳಗೆ ಹೋದ. ಒಳಗಿನಿಂದಲೇ ಕೂಗಿ ಹೇಳಿದ, "ಬೇಕಿದ್ರೆ ಇನ್ನೊಂದಿನ ಬನ್ನಿ ಸಾರ್, ಕಿತ್ತು ಬೇರೆ ಹಾಕೋಣ. ಅಲ್ಲಿವರೆಗೆ ನಾಲ್ಕು ದಿನ ಗ್ಲಾಸ್ ಇಳಿಸ್ಬೇಡಿ. ಅಂಟು ಹಸಿ ಇರುತ್ತೆ."

ದಾರಿಯಲ್ಲಿ ಇಬ್ಬರೂ ಮಾತಾಡಲಿಲ್ಲ. ಅವನು ಮಾತಾಡದೆ ಇದ್ದದ್ದನ್ನು ಅವಳು ಕಂಡದ್ದು ಅರಿವಳಿಕೆಯ ಪ್ರಭಾವದಲ್ಲಿದ್ದಾಗ ಮಾತ್ರ. ಸಂಜೆಯ ಬಿಸಿಲು ನಾಲ್ಕೂ ಗಾಜಿನಿಂದ ಧಾರಾಳವಾಗಿ ಒಳಗೆ ಬರುತ್ತಿತ್ತು. ದುಬಾರಿ ಮಾಲಂತೆ, ಸೆಖೆ ಮಾತ್ರ ಕಡಿಮೆ ಅನ್ನಿಸಿತು, ಅದಕ್ಕೂ ಅವಳಿಗೆ ರೇಗಿತು. ಅದೇ ಮೂರನೇ ಸಿಗ್ನಲ್ಲಿನಲ್ಲಿ ಕೆಂಪು ಬಿತ್ತು. ಎಡಕ್ಕೊಂದು ಬಸ್ಸು, ಅದರ ಕಿಟಕಿಗಳಲ್ಲಿ ಸಾಲಾಗಿ ಮುಖಗಳು. ಬಲಕ್ಕೆ ಒಂದು ಕಾರು, ಹಿಂದಿನ ಸೀಟಿನ ಹೆಂಗಸು ಇತ್ತಲೇ ನೋಡುತ್ತಿದ್ದಾಳೆ. ಗಂಡ ಕೆಮ್ಮಿದ. "ಎಷ್ಟು ಸಿಗ್ನಲ್ಲು ಮಾತಾಡ್ತೀಯ ದಿನಾ?" ಎಂದ. "ನಾಲ್ಕು." "ಯಾರ ಹತ್ರ?" ಅವಳು ಗೇರನ್ನು ನ್ಯೂಟ್ರಲ್ಲಿಗೆ ತಂದಳು. ಅವನು ತನ್ನ ಮಂಡಿಯನ್ನು ನೋಡಿಕೊಂಡ. ಆಮೇಲೆ ಎರಡೂ ಕೈಯಿಂದ ಕನ್ನಡಕ ತೆಗೆದು, ಕಡ್ಡಿ ಮಡಚಿ, ಅಂಗಿಯ ಜೇಬಿಗೆ ಹಾಕಿಕೊಂಡ. ಬಸ್ಸಿನವರೆಲ್ಲ ನೋಡುತ್ತಿದ್ದರು. ಕನ್ನಡಕವಿಲ್ಲದ ಮುಖ ಚಿಕ್ಕದಾಗಿ, ಮೂಗಿನ ಎರಡೂ ಪಕ್ಕ ಆಳವಾದ ಗುಳಿ ಬಿದ್ದು, ಈಗಷ್ಟೇ ನಿದ್ದೆಯಿಂದ ಎಬ್ಬಿಸಿದವರ ಹಾಗಿತ್ತು. "ನನಗೆ ಈಗ ಏನೂ ಕಾಣಲ್ಲ," ಎಂದ. "ನೀನು ಮಾತಾಡು."

"ಕಿವಿಗೇನು ಹಾಕ್ಕೋತೀರಿ?" ಎಂದಳು ಅವಳು. ದನಿಯಲ್ಲಿ ಉರಿಯಿತ್ತು. ಅವನಿಗೆ ಮುಜುಗರವಾಯಿತು, ಮುಜುಗರವಾದಾಗಲೆಲ್ಲ ಕಿಟಕಿ ಇಳಿಸಿ ಪಕ್ಕದ ಗಾಡಿಯವನ ಜೊತೆ ಹವಾಮಾನ ಮಾತಾಡುವುದು ಅವನ ಅಭ್ಯಾಸ. ಕೈ ತಡವುತ್ತ ಬಾಗಿಲಿನ ಗುಂಡಿಯ ಕಡೆ ಹೋಯಿತು.

"ಇಳಿಸ್ಬೇಡಿ. ನಾಲ್ಕು ದಿನ ಇಳಿಸೋ ಹಾಗಿಲ್ಲ."

ಕೈ ವಾಪಸು ಮಡಿಲಿಗೆ ಬಂತು. ಹೇಳಬೇಕೆಂದು ಇಷ್ಟು ವರ್ಷ ತಿದ್ದಿ ತೀಡಿ ಇಟ್ಟುಕೊಂಡಿದ್ದ ನೂರು ಉತ್ತರಗಳಲ್ಲಿ ಒಂದೂ ಅವಳ ಬಾಯಿಗೆ ಬರಲಿಲ್ಲ. ಬಂದದ್ದು ಬೇರೆ. "ನಿಮ್ಮ ಆಪರೇಷನ್ ದಿನ ನಾನು ಹಾಡು ಹೇಳ್ತಿರ್ಲಿಲ್ಲ," ಎಂದಳು, ಎದುರಿನ ಕೆಂಪು ದೀಪ ನೋಡುತ್ತ. "ಇದೇ ಸಿಗ್ನಲ್ಲು. ನೀವು ಹೋಗ್ಬಿಟ್ರೆ ಮನೆ ಎಷ್ಟು ಸದ್ದಿಲ್ದೆ ಇರುತ್ತೆ ಅಂತ ಹೇಳ್ಕೊಂಡು ನಕ್ಕೆ. ಖುಷಿಯಾಗೇ ನಕ್ಕೆ. ಆಮೇಲೆ ಮನೆಗೆ ಹೋಗೋ ಧೈರ್ಯ ಬರ್ಲಿಲ್ಲ. ಆ ಸದ್ದಿಲ್ಲದ ಮನೆ ಬೀಗ ತೆಗೆಯೋಕೆ ಆಗ್ಲಿಲ್ಲ ನನಗೆ. ಇಲ್ಲಿಂದಲೇ ಗಾಡಿ ತಿರುಗಿಸ್ಕೊಂಡು ವಾಪಸ್ ಬಂದೆ."

ಅವನು ಬಾಯಿ ತೆರೆದ. ಅವಳು ಹುಬ್ಬಿನ ಕಡೆ ನೋಡಿದಳು. ಹುಬ್ಬು ಏರಲಿಲ್ಲ. ಕಣ್ಣು ಕಿರಿದು ಮಾಡಿಕೊಂಡು, ಅವಳ ಮುಖ ಎಲ್ಲಿದೆಯೆಂದು ಅಂದಾಜು ಮಾಡಿ ಆ ಕಡೆ ತಿರುಗಿ, "ಅದಕ್ಕಾ ಫ್ಲಾಸ್ಕ್ ತರ್ಲಿಲ್ಲ ನೀನು?" ಎಂದ.

"ಹೂಂ. ಅದಕ್ಕೆ."

ಹಸಿರು ಬಿತ್ತು. ಬಸ್ಸು ಹೊರಟಿತು. ಹಿಂದಿನವರು ಒಂದು ಸಲ, ಮತ್ತೊಂದು ಸಲ, ಆಮೇಲೆ ಬಿಡದೆ ಹಾರ್ನ್ ಹೊಡೆದರು. ಪಕ್ಕ ದಾಟಿ ಹೋಗುತ್ತಿದ್ದ ಪ್ರತಿಯೊಬ್ಬರೂ ಆ ತಿಳಿಗಾಜಿನೊಳಗೆ ಇಣುಕಿ ನೋಡಿಯೇ ಹೋದರು. ಗಂಡ ಏನೋ ಹೇಳಲು ಹೊರಟ.

"ತಡೀರಿ, ಇನ್ನೂ ಇದೆ," ಎಂದಳು ಅವಳು. "ಬರ್ಕೊಳ್ಳಿ."